ಬೆಂಡಜ್ಜಿಯ ದಿಬ್ಬ

ನಮ್ಮ ಅಳಿವೆಯಲ್ಲಿ, ಹೊಳೆ ಕಡಲನ್ನು ಸೇರುವುದಕ್ಕೆ ಸ್ವಲ್ಪ ಹಿಂದೆ, ನೀರಿನ ನಡುವೆ ಒಂದು ದಿಬ್ಬವಿದೆ. ಅಲ್ಲಿ ಮನೆಯಿಲ್ಲ, ಗುಡಿಯಿಲ್ಲ. ಮಸಿ ಹಿಡಿದ ಮೂರು ಒಲೆಗಲ್ಲುಗಳು, ಸುತ್ತ ಯಾರೂ ಬಿತ್ತದ ಬೆಂಡೆಗಿಡಗಳು, ಅಷ್ಟೇ. ಅದಕ್ಕೆ ಬೆಂಡಜ್ಜಿಯ ದಿಬ್ಬವೆಂದು ಹೆಸರು. ಹೊಸಬರು ಕೇಳಿ ನಗುತ್ತಾರೆ. ನಗಲಿ ಬಿಡಿ, ನನಗಂತೂ ಸಿಟ್ಟೇ ಬರುತ್ತದೆ. ಆ ಅಜ್ಜಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು.

ಹಿಂದೆ ಒಮ್ಮೆ, ಹಾಯಿಹಡಗುಗಳು ಮೆಣಸು ತುಂಬಲು ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ, ಕಡಲಾಚೆಯ ಯಾವುದೋ ನಾಡಿನಿಂದ ಅಡುಗೆಗೆಂದು ಹಿಡಿದು ತಂದಿದ್ದ ಹೆಂಗಸೊಬ್ಬಳಿಗೆ ಜ್ವರ ಬಂತಂತೆ. ಹಡಗಿನವರು ಅವಳನ್ನು ಈ ದಿಬ್ಬದಲ್ಲಿ ಇಳಿಸಿ ಹೊರಟೇಹೋದರು. ಗಟ್ಟಿ ಜೀವ, ಬದುಕಿಕೊಂಡಳು. ಬಟ್ಟೆಯ ಗಂಟಿನಲ್ಲಿದ್ದ ಬೆಂಡೆಬೀಜ ಬಿತ್ತಿದಳು, ಗಾಳ ಹಾಕಿದಳು, ನಮ್ಮ ಮಾತು ಕಲಿತಳು, ಮುದುಕಿಯಾದಳು. ದಡದವರು ಕೆಟ್ಟವರೇನಲ್ಲ, ಅಕ್ಕಿ ಉಪ್ಪು ಕೊಡುತ್ತಿದ್ದರು. ಆದರೆ ಅವಳ ಒಲೆಯ ಬಳಿ ಯಾರೂ ಕುಳಿತವರಲ್ಲ. ಮೊದಲು ಜ್ವರದ ಭಯ, ಆಮೇಲೆ ಅದೇ ರೂಢಿ. ಅವಳ ನಾಡಿನಲ್ಲೊಂದು ಗಟ್ಟಿ ಸಾರು ಮಾಡುತ್ತಿದ್ದರು ಎನ್ನುತ್ತಾರೆ. ಬೆಂಡೆಯನ್ನು ಕೊಚ್ಚಿ, ಸಣ್ಣ ಉರಿಯಲ್ಲಿ ಲೋಳೆ ಕರಗುವವರೆಗೂ ತಿರುವಬೇಕು. ಉಣ್ಣಲು ಬಂದವರು ತಂದದ್ದನ್ನೆಲ್ಲ ಅದೇ ಗಡಿಗೆಗೆ ಹಾಕಬೇಕು. ಹಿಟ್ಟು ಮಾತ್ರ ಸೋಕಿಸುವ ಹಾಗಿಲ್ಲ, ಸಾರು ದಪ್ಪವಾಗಬೇಕಾದದ್ದು ಬಂದವರು ತಂದದ್ದರಿಂದಲೇ. ಒಬ್ಬಳೇ ಇದ್ದವಳ ಗಡಿಗೆಗೆ ಏನು ತಾನೇ ಬಿದ್ದೀತು? ಬೆಂಡೆ, ಒಂದು ಮೀನು. ವರ್ಷಗಟ್ಟಲೆ ಆ ತೆಳು ಸಾರನ್ನೇ ಉಂಡಳು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಅವಳ ಹೆಸರು ಹಿಡಿದು ಕರೆಯುವ ಬಾಯಿ ಒಂದೂ ಇರಲಿಲ್ಲ.

ಒಂದು ಆಷಾಢದಲ್ಲಿ ಸಂತೆಗೆ ಹೊರಟವರನ್ನು ತುಂಬಿಕೊಂಡಿದ್ದ ಜಟ್ಟಿ ಅಂಬಿಗನ ದೋಣಿ ಸೆಳವಿಗೆ ಸಿಕ್ಕಿ ದಿಬ್ಬಕ್ಕೆ ಬಂದು ತಾಗಿತು. ನೀರು ಇಳಿಯುವವರೆಗೆ ಯಾರೂ ಕದಲುವಂತಿಲ್ಲ. ಹಸಿದ ಹೊಟ್ಟೆಗೆ ಯಾವ ಜ್ವರದ ಭಯ? ಮುದುಕಿ ದೊಡ್ಡ ಗಡಿಗೆ ಇಟ್ಟಳು. ಮೀನು ಮಾರುವ ಮಂಕಾಳಿ ಇಣುಕಿ ನೋಡಿ, "ಅಯ್ಯ, ಇದೆಂತಾ ನೀರು! ಒಂದು ಹಿಡಿ ಅಕ್ಕಿಹಿಟ್ಟು ಕದಡಿ ಹಾಕು ಅಜ್ಜಿ, ದಪ್ಪ ಆಗ್ತದೆ" ಎಂದಳು. "ಹಿಟ್ಟು ಬೇಡ ಮಗಳೇ. ಒಬ್ಬಳೇ ಇರುವಾಗಲೂ ಹಿಟ್ಟು ಹಾಕಿ ನನಗೆ ನಾನೇ ಸುಳ್ಳು ಹೇಳಿಕೊಂಡವಳಲ್ಲ. ನಿನ್ನ ಬುಟ್ಟಿಯಲ್ಲಿದ್ದದ್ದು ಹಾಕು" ಎಂದಳು ಮುದುಕಿ. ಮಂಕಾಳಿ ಸಿಗಡಿ ಸುರಿದಳು, ಜಟ್ಟಿ ಏಡಿ ತಂದ, ಇನ್ನೊಬ್ಬ ಮಾರಲು ಒಯ್ಯುತ್ತಿದ್ದ ಕೋಳಿಯನ್ನೇ ಕೊಟ್ಟ. ಬೆಂಡೆ ಎಲ್ಲವನ್ನೂ ಹಿಡಿದುಕೊಂಡು ಸಾರು ಸೌಟು ನಿಲ್ಲುವಷ್ಟು ದಪ್ಪವಾಯಿತು. ಎಲ್ಲರೂ ಬೆರಳು ಚೀಪಿ ಉಂಡರು. ಮುದುಕಿ ಅದನ್ನು ನೋಡುತ್ತಲೇ ಅತ್ತುಬಿಟ್ಟಳಂತೆ.

"ನಿನ್ನ ಹೆಸರೆಂತಾ ಅಜ್ಜಿ?" ಎಂದು ಕೇಳಿದವಳು ಮಂಕಾಳಿ ಒಬ್ಬಳೇ. ಮುದುಕಿ ಹೇಳಿದಳು. ನಮ್ಮ ನಾಲಿಗೆಗೆ ಒಗ್ಗದ ಉದ್ದನೆಯ ಹೆಸರು, ಉಳಿದವರು ಕಿವಿಗೂ ಹಾಕಿಕೊಳ್ಳಲಿಲ್ಲ. ಮಂಕಾಳಿ ತಪ್ಪುತ್ತಾ, ನಗುತ್ತಾ, ಕಡೆಗೊಮ್ಮೆ ಸರಿಯಾಗಿ ಕರೆದಳು. ಮುದುಕಿ "ಓ" ಎಂದಳು. "ಇನ್ನೊಂದು ಸಲ ಕರಿ" ಎಂದಳು. ನೀರು ಇಳಿದ ಮೇಲೆ, "ಮಳೆ ಕಳೆದದ್ದೇ ಸಿಗಡಿ ಹಿಡ್ಕೊಂಡು ಬತ್ತೆ ಅಜ್ಜಿ. ದೋಣಿಯಿಂದಲೇ ಹೆಸರು ಹಿಡ್ದು ಕರೀತೆ" ಎಂದು ಮಾತು ಕೊಟ್ಟು ಮಂಕಾಳಿ ಹೋದಳು.

ಬಂದಳು ಕೂಡ. ಆದರೆ ಮಳೆ ಕಳೆದು, ಚಳಿಯೂ ಕಳೆದಿತ್ತು. ತನ್ನ ಸಣ್ಣ ದೋಣಿ ದಿಬ್ಬವನ್ನು ಸಮೀಪಿಸಿದಾಗ ಕರೆಯಲು ಬಾಯಿ ತೆರೆದಳು, ಹೆಸರು ಮರೆತುಹೋಗಿತ್ತು. ಎಷ್ಟು ತಡಕಾಡಿದರೂ ನಾಲಿಗೆಗೆ ಬರಲಿಲ್ಲ. ಕಡೆಗೆ "ಬೆಂಡಜ್ಜೀ! ಓ ಬೆಂಡಜ್ಜೀ!" ಎಂದು ಕೂಗಿದಳು. ದಿಬ್ಬದ ಮೇಲೆ ಎದ್ದು ನಿಂತವನು ಜಟ್ಟಿ. "ಅಜ್ಜಿ ಹೋದಳು, ಮಂಕಾಳಿ. ಅಕ್ಕಿ ಕೊಡಲು ಬಂದವನು ನಾನೇ ಮಣ್ಣು ಮಾಡಿದೆ. ದೋಣಿ ಕಂಡಾಗಲೆಲ್ಲ ‘ಕರೆದರಾ?’ ಅಂತ ಕೇಳ್ತಿದ್ದಳು" ಎಂದ. ಮಂಕಾಳಿ ಸಿಗಡಿಯ ಬುಟ್ಟಿಯನ್ನು ಒಲೆಗಲ್ಲುಗಳ ನಡುವೆ ಇಟ್ಟು ಎದೆ ಬಡಿದುಕೊಂಡಳು.

ಇಂದಿಗೂ ಮೀನುಗಾರ್ತಿಯರು ಆ ಕಲ್ಲುಗಳ ನಡುವೆ ಒಂದೆರಡು ಸಿಗಡಿ ಇಡುವುದನ್ನು ನೀವು ನೋಡಬಹುದು. ದಿಬ್ಬ ಹತ್ತಿರವಾದಾಗ "ಬೆಂಡಜ್ಜೀ" ಎಂದು ಕೂಗಿ, ಹುಟ್ಟು ಹಾಕುವುದನ್ನು ನಿಲ್ಲಿಸಿ, "ಓ" ಎಂಬ ದನಿಗಾಗಿ ಕಿವಿಗೊಡುತ್ತಾರೆ. ಬರುವುದಿಲ್ಲ. ಹೇಗೆ ಬಂದೀತು? ಅದು ಅವಳ ಹೆಸರಲ್ಲವಲ್ಲ.