ಆಸರೆಮನೆಯ ದಿನಪಡಿ

"ಕೇಳ್ರಪ್ಪೋ ಕೇಳಿ! ಹೊನ್ನಗಡಿ ಅರಸರ ಅಪ್ಪಣೆ. ಬುದ್ಧಿ ಕದಡಿದವರ ಆಸರೆಮನೆಗೆ ಅರಮನೆ ಕೊಡೋ ದಿನಪಡಿ ಸಾಲದಂತೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವರು ಹೇಳಿದ್ದೇ ಹೊಸ ದರ. ತಪ್ಪಿದವರ ತಲೆ ಹೋಯ್ತು. ಯುಗಾದಿಯೊಳಗೆ ಯಾರೂ ಬಿಡಿಸದಿದ್ದರೆ ಆಸರೆಮನೆಗಳಿಗೆಲ್ಲ ಬೀಗ!"

ಅರಸನ ಅಜ್ಜ ಪುಣ್ಯಾತ್ಮ, ರಾಜಧಾನಿಯಲ್ಲೂ ಗಡಿಯ ಹಳ್ಳಿಗಳಲ್ಲೂ ಆಸರೆಮನೆ ಕಟ್ಟಿಸಿ ಒಬ್ಬ ರೋಗಿಗೆ ದಿನಕ್ಕೆ ಒಂದು ಬೆಳ್ಳಿ ಹಣ ಅಂತ ಗೊತ್ತು ಮಾಡಿದ್ದ. ಮೊಮ್ಮಗನ ಕಾಲಕ್ಕೂ ಅದೇ ಒಂದು ಹಣ. ಯಾರು ಹೋಗಿ ಕೇಳಿದರೂ ಅಜ್ಜನ ಮಾತು ಮೀರಲಾರೆ ಅಂದುಬಿಡುತ್ತಿದ್ದ. ಮಗಳು ಗೌರಾಜಿ ಆಗಾಗ ಆಸರೆಮನೆಗೆ ಹೋಗಿ ಬರುವವಳು, ಊಟ ಬಿಟ್ಟು ಕೂತು ಒಗಟಿನ ಮಾತಿಗೆ ಅಪ್ಪನನ್ನು ಒಪ್ಪಿಸಿದಳು. ಯಾರೂ ಬರದಿರಲಿ ಅಂತ ತಲೆಯ ಮಾತು ಸೇರಿಸಿದವನು ಅರಸ. ಎಂಥ ಅಪ್ಪ ನೋಡಿ!

ಡಂಗುರ ಕೇಳಿ ಹಗ್ಗ ಹೊಸೆಯುವ ದ್ಯಾವಣ್ಣ ಕೈಲಿದ್ದ ನಾರು ಬಿಟ್ಟು ಎದ್ದ. ಅವನ ಅವ್ವ ಪುಟ್ಟೀರವ್ವ ರಾಜಧಾನಿಯ ಆಸರೆಮನೆಯಲ್ಲೇ ಇದ್ದಳು. ಬೀಗ ಬಿದ್ದರೆ ಅವಳನ್ನು ಗುಡಿಸಲಿಗೆ ಕರಕೊಂಡು ಬರಬೇಕು. ಇವನು ಕೂಲಿಗೆ ಹೋದರೆ ಅವಳು ಬಾವಿಗೆ ಹೋಗುತ್ತಾಳೆ. ಹಿಂದೊಮ್ಮೆ ಹಾಗೇ ಆಗಿ, ಕೂದಲು ಹಿಡಿದು ಮೇಲೆತ್ತಿದ್ದ. ಇನ್ನೊಂದು ಸಲ ಸಿಗುತ್ತಾಳೆ ಅನ್ನೋ ಧೈರ್ಯ ಅವನಿಗಿರಲಿಲ್ಲ.

ಮೊದಲು ಬಂದವನು ದವಸದ ಸಾಹುಕಾರ ಗುರುಶಾಂತಪ್ಪ. ದರ ಏರಿಸಿ ಅಕ್ಕಿಯನ್ನೆಲ್ಲ ತಾನೇ ಮಾರಬೇಕು ಅಂತ ಅವನ ಲೆಕ್ಕ. ಗೌರಾಜಿ ಕೇಳಿದಳು: "ಬಂದ ದಿನ ಹತ್ತು ಕೈ ಬೇಕು, ದಿನ ಕಳೆದ ಹಾಗೆ ಎರಡು ಕೈ ಸಾಕು. ಕಟ್ಟಿಕೊಂಡು ತರುತ್ತಾರೆ, ತಾನೇ ನಡೆದು ಮನೆಗೆ ಹೋಗುತ್ತದೆ. ಏನದು?"

ಸಾಹುಕಾರ ನಗುತ್ತಾ ನೆಂಟ ಅಂದ. ಬಂದ ದಿನದ ಉಪಚಾರ ಆಮೇಲೆಲ್ಲಿರುತ್ತೆ? ಜನವೂ ನಕ್ಕರು. ಆದರೆ ನೆಂಟನನ್ನು ಯಾರಾದರೂ ಕಟ್ಟಿ ತರುತ್ತಾರೆಯೇ? ಸಾಹುಕಾರನ ತಲೆ ಹೋಯಿತು.

ಆಮೇಲೆ ಬಂದ ಆನೆವೈದ್ಯ ನರಹರಿ, ಅದೇ ಒಗಟಿಗೆ, ಪಳಗಿಸೋಕೆ ಹಿಡಿದು ತಂದ ಕಾಡಾನೆ ಅಂದ. ಪಾಪ, ಎಷ್ಟು ಹತ್ತಿರ ಬಂದಿದ್ದ! ಹಿಡಿದ ಆನೆಯನ್ನು ತಿರುಗಿ ಕಾಡಿಗೆ ಬಿಡುವವರುಂಟೇ? ಅವನ ತಲೆಯೂ ಹೋಯಿತು. ಬೆಳಗಾದರೆ ಯುಗಾದಿ, ಮುಂದೆ ಬರಲು ಒಬ್ಬರಿಗೂ ಧೈರ್ಯವಿಲ್ಲ. ದ್ಯಾವಣ್ಣ ಜನರ ನಡುವೆ ನುಗ್ಗಿಕೊಂಡು ಹೋಗಿ ನಿಂತ.

"ಅದು ಬುದ್ಧಿ ಕೆಟ್ಟು ಆಸರೆಮನೆಗೆ ಬಂದ ಮನುಷ್ಯ, ಅಮ್ಮಣ್ಣಿ. ನಮ್ಮವ್ವನ್ನ ನಾನೇ ಹೊಸೆದ ಹಗ್ಗದಲ್ಲಿ ಕಟ್ಟಿ ತಂದೆ. ಆವತ್ತು ಹಿಡಿಯೋಕೆ, ತೊಳೆಯೋಕೆ, ಕಾಯೋಕೆ ಎಷ್ಟು ಜನ ಬೇಕಾಯ್ತು! ಈಗ ಒಬ್ಬಳು ಊಟ ಹಾಕಿದರೆ ಉಣ್ತಾಳೆ. ಗುಣವಾದೋರು ನಡಕೊಂಡು ಹೋಗಿದ್ದನ್ನೂ ನೋಡಿವ್ನಿ. ಅರಮನೆ ಮಾತ್ರ ಮೊದಲ ದಿನಕ್ಕೂ ಕಡೇ ದಿನಕ್ಕೂ ಒಂದೇ ಹಣ ಕೊಡುತ್ತೆ."

ಗೌರಾಜಿ ಹೌದೆಂದು ತಲೆಯಾಡಿಸಿ ಎರಡನೆಯದು ಕೇಳಿದಳು. ಅದೇ ಅಕ್ಕಿ, ಅದೇ ಸೌದೆ, ಅಷ್ಟೇ ಗಂಜಿ. ಗಡಿಯ ಹಳ್ಳಿಯಲ್ಲಿ ಒಂದು ಹಣಕ್ಕೆ ಬೇಯುವ ಮಡಕೆ ರಾಜಧಾನಿಯಲ್ಲಿ ಎರಡು ಹಣ ಕೇಳುತ್ತದೆ. ಮಿಕ್ಕ ಹಣ ತಿಂದವರು ಯಾರು? ಜನ ಕಳ್ಳ ಅಂದರು, ಸುಂಕದವನು ಅಂದರು. ದ್ಯಾವಣ್ಣ ತನ್ನ ಕೂಲಿ ನೆನೆದ. ರಾಜಧಾನಿಯಲ್ಲಿ ಮನೆ ಬಾಡಿಗೆ ಕೊಟ್ಟು ಬದುಕಬೇಕಾದವರು ಹಳ್ಳಿಯ ಕೂಲಿಗೆ ದುಡಿಯೋಕಾಗಲ್ಲ, ಗಂಜಿ ಕಲಕುವ ಕೈಯೇ ಆ ಹಣ ತಿನ್ನೋದು ಅಂದ. ಅದೂ ಸರಿಯಾಯಿತು.

"ಕೊನೆಯದು," ಅಂದಳು ಗೌರಾಜಿ. "ಯಾರೂ ಕದಿಯಲಿಲ್ಲ, ಯಾರೂ ಮುಟ್ಟಲಿಲ್ಲ, ಅಜ್ಜ ಇಟ್ಟಷ್ಟೇ ಇದೆ. ಆದರೂ ವರ್ಷ ವರ್ಷವೂ ಸವೆಯುತ್ತಿದೆ. ಏನದು?"

ಕರ್ಪೂರ! ಮಾತು ನಾಲಿಗೆ ತುದಿಗೇ ಬಂತು. ಆದರೆ ಕರಗಿದ ಕರ್ಪೂರ ಇಟ್ಟಷ್ಟೇ ಹೇಗಿದ್ದೀತು? ತುಟಿ ಕಚ್ಚಿಕೊಂಡ. ಬೇರೇನೂ ಹೊಳೆಯಲೊಲ್ಲದು. ಕೊತ್ವಾಲ ಕತ್ತಿ ಒರೆಸಿಕೊಂಡ. ಸತ್ತೆ ಅನ್ನೋದಕ್ಕಿಂತ, ನಾಳೆ ಅವ್ವನ ಕೈ ಹಿಡಿಯೋರು ಯಾರು ಅನ್ನೋದೇ ಅವನ ಎದೆ ಹಿಂಡಿತು. ಅವ್ವ ಈಗೀಗ ಎಷ್ಟು ಬಡವಾಗಿದ್ದಾಳೆ! ಸೇರಿದ ಹೊಸತರಲ್ಲಿ ಅವಳಿಗೆ ತುಂಬಿದ ಲೋಟ ಹಾಲು ಕೊಡುತ್ತಿದ್ದರು. ಆಮೇಲೆ ಅರ್ಧ ಲೋಟವಾಯಿತು, ಈಗ ಬರೀ ನೀರುಮಜ್ಜಿಗೆ. ಯಾರೂ ಕದ್ದಿರಲಿಲ್ಲ, ಹಾಲಿನ ಬೆಲೆ ಏರಿತ್ತು.

"ಅಜ್ಜಯ್ಯನವರು ಇಟ್ಟ ದಿನಪಡಿ, ಅಮ್ಮಣ್ಣಿ," ಅಂದ. "ಅದೇ ಒಂದು ಹಣ. ಅದಕ್ಕೆ ಬರೋ ಅನ್ನ, ಹಾಲು, ಔಷಧಿ ವರ್ಷ ವರ್ಷ ಕಮ್ಮಿ."

ಗೌರಾಜಿ ಮುಖ ಮುಚ್ಚಿಕೊಂಡು ಅತ್ತಳು. ಅರಸ ಮಾತಿಗೆ ಕಟ್ಟುಬಿದ್ದಿದ್ದ. ಹೊಸ ದರ ಹೇಳು, ನಿನಗೇನು ಬೇಕೋ ಅದನ್ನೂ ಕೇಳು ಅಂದ. ದ್ಯಾವಣ್ಣ ಹೇಳಿದ: ಮೊದಲ ದಿನಗಳಿಗೆ ಹೆಚ್ಚು, ಆಮೇಲೆ ಇಳಿಯುತ್ತಾ ಹೋಗಲಿ. ಊರಿನ ಕೂಲಿ ನೋಡಿ ಊರಿಗೊಂದು ದರವಿರಲಿ.

"ಇನ್ನು ನನಗೆ ಬೇಕಾದ್ದು, ಮಹಾಸ್ವಾಮಿ. ಇವತ್ತಿನ ದರ ಮುಂದಿನ ಯುಗಾದಿಗೆ ಮತ್ತೆ ಸವೆದಿರುತ್ತೆ. ಆಗ ಯಾರ ತಲೆ ಕೊಡೋದು? ಪ್ರತಿ ಯುಗಾದಿಗೂ ಅಕ್ಕಿ, ಹಾಲು, ಕೂಲಿಯ ಬೆಲೆ ನೋಡಿ, ಯಾರೂ ಕೇಳದೇನೆ ಅದು ಏರಬೇಕು."

ಜನರ ನಡುವೆ ಸಾಹುಕಾರ ಗುರುಶಾಂತಪ್ಪನ ಹೆಂಡತಿ ಗೋಳೋ ಅಂತ ಅಳತೊಡಗಿದಳು. ಅರಸ ಅತ್ತ ನೋಡಲಾರದೆ ತಲೆ ತಗ್ಗಿಸಿ ಅಪ್ಪಣೆ ಬರೆಸಿದ. ದ್ಯಾವಣ್ಣನಿಗೆ ಆಸರೆಮನೆಯ ಪಕ್ಕದಲ್ಲೇ ಮನೆ, ಹೊಲ ಕೊಟ್ಟ.

ಅವನು ಓಡಿಹೋದದ್ದು ಅವ್ವನ ಹತ್ತಿರಕ್ಕೆ. ಪುಟ್ಟೀರವ್ವನಿಗೆ ಇದ್ಯಾವುದೂ ಗೊತ್ತಿಲ್ಲ, ಬಂದವನು ಯಾರೆಂದೂ ಗುರುತು ಹತ್ತಲಿಲ್ಲ. ಯಾರ ಮಗನಪ್ಪ ನೀನು, ಉಂಡೆಯಾ ಅಂತ ಕೇಳಿದಳು. ದ್ಯಾವಣ್ಣ ಅವಳ ಕಾಲ ಹತ್ತಿರ ಕೂತು ಮನಸಾರೆ ಅತ್ತ.