ದೇವೀರಮ್ಮನ ಸೊಂಟಕ್ಕೆ ಒಪ್ಪುವ ಕಾರು

ಹೂಂಗುಟ್ಟೋರು ಹತ್ತಿರ ಬನ್ನಿ. ನಗೋದಿದ್ದರೆ ಮೊದಲೇ ನಕ್ಕುಬಿಡಿ, ಆಮೇಲೆ ನಗೋಕಾಗುತ್ತೋ ಇಲ್ಲವೋ ನಾನು ಹೇಳಲಾರೆ.

ಪಾಂಡವಪುರದ ಕಡೆ ಒಂದೂರು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಹೆಸರು ಚೆಲುವ. ಹೆಸರಿಗೆ ತಕ್ಕ ಮುಖ ಇತ್ತು, ಮುಖಕ್ಕೆ ತಕ್ಕ ಬುದ್ಧಿ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. "ಬಾಗಿಲು ನೋಡ್ಕಂಡಿರು" ಅಂದರೆ ಬಾಗಿಲನ್ನೇ ನೋಡುತ್ತಾ ಕೂರೋನು. ಹಿತ್ತಲ ಕಡೆಯಿಂದ ಹಸು ನುಗ್ಗಿ ಹಿಟ್ಟು ತಿಂದು ಹೋದರೂ ತಿರುಗಿ ನೋಡೋನಲ್ಲ.

ದೇವೀರಮ್ಮ ಊರಿನ ಸ್ಕೂಲಲ್ಲಿ ಬಿಸಿಯೂಟ ಬೇಯಿಸೋಳು. ಹದಿನೆಂಟು ವರ್ಷ ಅನ್ನದ ಪಾತ್ರೆ ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿತ್ತು. ಬಸ್ಸಲ್ಲಿ ಕೂತರೆ ಪ್ರಾಣ ಹೋಗುವಷ್ಟು ನೋವು. ಅವಳಿಗಿದ್ದದ್ದು ಒಂದೇ ಆಸೆ. ಹನೂರಿನ ಆಚೆ ಅವಳ ಅಕ್ಕ ಇದ್ದಳು, ಎಂಬತ್ತು ದಾಟಿದ್ದಳು, ಜಗಲಿ ಇಳಿಯಲಾರದವಳು. ಇಬ್ಬರಿಗೂ ಉಸಿರಿರುವಾಗ ಒಂದು ಸಲ ಅಕ್ಕನ ಮುಖ ನೋಡಬೇಕು. ಫೋನಿನಲ್ಲಿ ಅಕ್ಕ ಕೇಳೋಳು, "ಯಾವಾಗ್ ಬಂದೀಯೆ ದೇವೀರಿ?" ಇವಳು ಹೇಳೋಳು, "ಗಾಡಿ ತಗಂಡ್ ದಿನ ಬತ್ತೀನಿ ಕಣಕ್ಕ."

ಒಂದು ದಿನ ಮಗನ್ನ ಕರೆದಳು. "ಮಗ, ಮಂಡ್ಯದಲ್ಲಿ ಹಳೇ ಕಾರು ಮಾರೋ ಅಂಗಡಿ ಐತಂತೆ. ದಾರಿ ದೂರ, ನಾವು ಬಡವರು. ಎಣ್ಣೆ ಕಮ್ಮಿ ಕುಡಿಯೋ ಗಾಡಿ ಯಾವುದು ಅಂತ ನೋಡ್ಕಂಡು ಬಾ."

"ಆಗ್ಲಿ ಕಣವ್ವ!"

ಎಣ್ಣೆ ಅಂದಳಲ್ಲ ಅವ್ವ! ಅಡುಗೆಮನೆಯಲ್ಲಿದ್ದ ಕಡ್ಲೆಕಾಯಿ ಎಣ್ಣೆ ಬಾಟಲು ಬಗಲಲ್ಲಿ ಇಟ್ಟುಕೊಂಡ, ಜೊತೆಗೆ ಒಂದು ತಟ್ಟೆ. ಅಂಗಡಿ ಮುಂದೆ ಸಾಲಾಗಿ ನಿಂತಿದ್ದವು ಕಾರುಗಳು. ಕೆಂಪು ಕಾರಿನ ಮುಂದೆ ತಟ್ಟೆ ಇಟ್ಟ, ಎಣ್ಣೆ ಸುರಿದ, ಕುಕ್ಕರಗಾಲಲ್ಲಿ ಕೂತ. ಕುಡಿಯಲಿಲ್ಲ. ಬಿಳಿ ಕಾರಿನ ಮುಂದೆ ಇಟ್ಟ. ಕುಡಿಯಲಿಲ್ಲ. ನೀಲಿ ಕಾರಿನ ಮುಂದೆ ಇಟ್ಟ. ಅದೂ ಕುಡಿಯಲಿಲ್ಲ. ಅಂಗಡಿಯವನು ಬಂದು "ಯಾವನಯ್ಯ ನೀನು!" ಅಂತ ರಟ್ಟೆ ಹಿಡಿದು ಆಚೆ ತಳ್ಳಿದ.

"ಅವ್ವ, ಎಲ್ಲಾ ಬಂಗಾರದಂಥ ಗಾಡಿಗಳು ಕಣವ್ವ! ಒಂದೂ ಮೂಸಿ ನೋಡ್ಲಿಲ್ಲ. ಒಂದು ನಾಯಿ ಮಾತ್ರ ಕುಡಿದ್ಬುಡ್ತು. ಆ ನಾಯಿ ನಮಗೆ ಬ್ಯಾಡ."

"ಅಯ್ಯೋ ನನ್ನ ಕರ್ಮವೇ!" ಹಣೆ ಚಚ್ಚಿಕೊಂಡಳು ತಾಯಿ. "ಗಾಡಿ ಮುಂದೆ ತಟ್ಟೆ ಇಡ್ತಾರೇನ್ಲಾ? ಗಾಡೀನ ಓಡಿಸಿ ನೋಡ್ಬೇಕು ಕಣ್ಲಾ, ಓಡಿಸಿ!"

"ಮೊದ್ಲೇ ಹೇಳ್ಬಾರ್ದಾ ಅವ್ವ! ಓಡಿಸಿ ನೋಡ್ತೀನಿ ಬುಡು."

ಅದೇ ಊರಲ್ಲಿ ಪುಟ್ಟಲಿಂಗಯ್ಯ ಅಂತ ಮೇಷ್ಟ್ರು, ರಿಟೈರಾದವರು. ದೇವೀರಮ್ಮನ ಕೈಯ ಊಟ ಎಷ್ಟೋ ವರ್ಷ ಉಂಡವರು. ಅವರ ಹತ್ತಿರ ಒಂದು ಪುಟ್ಟ ಬೂದು ಬಣ್ಣದ ಕಾರು ಇತ್ತು. ಮೆತ್ತನೆ ಸೀಟು, ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರು. ಈ ವಯಸ್ಸಲ್ಲಿ ನನಗ್ಯಾಕೆ, ಆ ತಾಯಿಗಾದರೂ ಆಗಲಿ ಅಂತ ತಾವೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದರು. ಹುಡುಕಿದರೂ ಸಿಗದ ಗಾಡಿ ಮನೆ ಬಾಗಿಲಿಗೇ ಬಂದಿತ್ತು.

ಚೆಲುವ ನೋಡಿದ. ಮೂಲೆಯಲ್ಲಿದ್ದ ಕೋಲು ತಗೊಂಡ. "ಹೈ! ಹೈ! ನಡೀ ಅತ್ಲಾಗೆ!" ಬಾನೆಟ್ಟಿನ ಮೇಲೆ ಪಟಪಟ ಬಾರಿಸಿದ. ಮೇಷ್ಟ್ರು ಹೆದರಿ ಗಾಡಿ ತಿರುಗಿಸಿದರು. ಇವನು ಬಿಡಬೇಕಲ್ಲ! ಮುಂದೆ ಗಾಡಿ, ಹಿಂದೆ ಕೋಲು, ಕೆರೆ ಏರಿಯವರೆಗೂ ಅಟ್ಟಿದ.

"ಅವ್ವ, ಓಡಿಸಿ ನೋಡ್ದೆ! ಏನ್ ಓಟ ಅಂತೀಯ! ನನ್ ಕೈಗೇ ಸಿಗ್ಲಿಲ್ಲ!"

ಈ ಸಲ ತಾಯಿ ಹಣೆ ಚಚ್ಚಿಕೊಳ್ಳಲಿಲ್ಲ. ಗೋಡೆ ಹಿಡಿದು ಕೂತಳು, ಸೆರಗಿಗೆ ಮುಖ ಒತ್ತಿ ಅತ್ತಳು. "ದೇವ್ರಂಥವರ ಗಾಡಿ ಕಣ್ಲಾ ಅದು. ಇನ್ ನಾನು ಅಕ್ಕನ್ನ ನೋಡ್ದಂಗೇ." ಆ ವಾರ ಅಕ್ಕ ಫೋನ್ ಮಾಡಿದರೆ ಎತ್ತಲಿಲ್ಲ. ಏನು ಹೇಳೋದು ಅಂತ ತಿಳಿಯದೆ ರಿಂಗಾಗೋದನ್ನೇ ಕೇಳುತ್ತಾ ಕೂತಿದ್ದಳು.

ಆದರೂ ತಾಯಿ ಅಲ್ಲವೇ! ಬೇರೆ ಮಗ ಎಲ್ಲಿಂದ ತಂದಾಳು? ಮತ್ತೆ ಕರೆದಳು. "ಓಡೋದು ಗೀಡೋದು ಏನೂ ನೋಡ್ಬ್ಯಾಡ. ಕಾಲು ಚಾಚಿ ಮಲಗೋ ಹಂಗಿರ್ಬೇಕು. ಅದ್ರಲ್ಲಿ ಹೋದೋರು ಒಬ್ರೂ ಸೊಂಟ ನೋವು ಅಂದಿರ್ಬಾರ್ದು. ಅಂಥಾ ಗಾಡಿ ಯಾವುದು ಅಂತ ಕೇಳ್ಕಂಡು ಬಾ."

ಚೆಲುವ ಮಂಡ್ಯದ ಬೀದಿ ಬೀದಿ ಕೇಳಿದ. ಬಸ್ಸಿನವನು ಇಲ್ಲ ಅಂದ, ಆಟೋದವನು ನಕ್ಕ. ಕಡೆಗೆ ಆಸ್ಪತ್ರೆ ಗೇಟಿನ ಹತ್ತಿರ ಸಿಕ್ಕಿತು ಅಂಥದೊಂದು ಗಾಡಿ. ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಬಂದು ನಿಂತಿತು. ಬೀದಿಯವರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡು ಓಡಿ ಬಂದರು. ಬಂದದ್ದು ಹೆಣ ಸಾಗಿಸೋ ಮುಕ್ತಿವಾಹನ!

ಡ್ರೈವರು ಟೊಪ್ಪಿ ತೆಗೆದು ಮೆಲ್ಲಗೆ ಕೇಳಿದ, "ಎಲ್ಲಿ ಮಲಗಿಸಿದ್ದೀರಪ್ಪ ಅಮ್ಮನ್ನ?"

"ಒಳಗೆ ಕಾಫಿ ಕಾಯಿಸ್ತಾವ್ಳೆ," ಅಂದ ಚೆಲುವ. "ಅವ್ವ, ಬಾ ಅವ್ವ! ಇದ್ರಲ್ಲಿ ಮಲಗಿದೋರು ಇಲ್ಲೀಗಂಟ ಒಬ್ರೂ ಸೊಂಟ ನೋವು ಅಂದಿಲ್ವಂತೆ!"

ದೇವೀರಮ್ಮ ಲೋಟ ಹಿಡಿದು ಆಚೆ ಬಂದಳು, ನೋಡಿದಳು. ಎಲ್ಲರೂ ಬಯ್ಯುತ್ತಾಳೆ ಅಂದುಕೊಂಡರು. ಅವಳು ನಕ್ಕುಬಿಟ್ಟಳು. ಸೊಂಟ ಹಿಡಿದುಕೊಂಡು ನಕ್ಕಳು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆಮೇಲೆ ನೀರು ಮಾತ್ರ ಉಳಿಯಿತು. "ನಾನು ಸತ್ರೆ ಇವನಿಗ್ಯಾರು?" ಅಂದಳು. ಕೈಯಲ್ಲಿದ್ದ ಕಾಫಿ ಡ್ರೈವರಿಗೆ ಕೊಟ್ಟು ಕಳಿಸಿದಳು.

ಸುದ್ದಿ ಮೇಷ್ಟ್ರ ಕಿವಿಗೂ ಬಿತ್ತು. ಮಾರನೇ ದಿನ ಬೂದು ಕಾರು ಮತ್ತೆ ಬಂತು. "ಕೋಲು ಒಳಗಿಡಪ್ಪ ಚೆಲುವ," ಅಂದರು. "ಓಡಿಸೋದು ಅಂದ್ರೆ ಏನು ಅಂತ ನಾನು ಕಲಿಸ್ತೀನಿ."

ಕಲಿಸಿದರು ನೋಡಿ. ಬ್ರೇಕ್ ಅಂದರೆ ಬ್ರೇಕು, ಗೇರ್ ಅಂದರೆ ಗೇರು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನಿಗೆ ಇದಕ್ಕಿಂತ ಒಪ್ಪುವ ವಿದ್ಯೆ ಉಂಟೇ? ಎರಡು ತಿಂಗಳಿಗೆ ಲೈಸೆನ್ಸೂ ಕೈಗೆ ಬಂತು, ಗಾಡಿಯೂ ಅವರ ಮನೆಯದೇ ಆಯಿತು. ಆ ದಿನ ದೇವೀರಮ್ಮ ಹಿಂದಿನ ಸೀಟಲ್ಲಿ ಒರಗಿ ಕೂತು ಊರು ಒಂದು ಸುತ್ತು ಬಂದಳು. "ಚೆಲುವ, ನೋವೇ ಇಲ್ಲ ಕಣ್ಲಾ!" ಅಂದಳು. ಇಳಿಯಲು ಮನಸ್ಸಿಲ್ಲದೆ ನಿಂತ ಗಾಡಿಯಲ್ಲೇ ಕೂತು ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕ, ನಾಳೆ ಬತ್ತೀನಿ. ಮುದ್ದೆ ಇಟ್ಟಿರು."

ಬೆಳಗಾಯಿತು. ದೇವೀರಮ್ಮ ಏಳಲಿಲ್ಲ.

ಮೇಷ್ಟ್ರು ಬಂದು ನೋಡಿದರು, ಚೆಲುವನ ಹೆಗಲ ಮೇಲೆ ಕೈ ಇಟ್ಟರು. "ಅವ್ವ ಹೋಗ್ಬುಟ್ಲು ಕಣಪ್ಪ."

"ಎಲ್ಲಿಗೆ ಮೇಷ್ಟ್ರೇ? ಇಲ್ಲೇ ಮಲಗವ್ಳೆ!"

"ಇದು ಬರೀ ಮೈ ಕಣೋ. ಮೈ ಬಿಟ್ಟು ಅವಳು ಹೊರಟುಹೋದ್ಲು."

"ಗಾಡಿ ಇಲ್ಲೇ ಐತಲ್ಲ!" ಚೆಲುವ ಗಾಬರಿಯಾದ. "ನಡ್ಕಂಡು ಹೋದ್ಲಾ? ಆ ಸೊಂಟ ಇಟ್ಕಂಡು?"

ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ದೇವೀರಮ್ಮನ ಮುಖದ ಮೇಲೆ ಸೆರಗು ಎಳೆದು, ಊರವರನ್ನು ಕರೆಯಲು ಎದ್ದರು.

ಊರವರು ಮಣ್ಣು ಮಾಡಿದರು. ಹಿಡಿ ಅಂದದ್ದನ್ನು ಚೆಲುವ ಹಿಡಿದ, ಹಾಕು ಅಂದದ್ದನ್ನು ಹಾಕಿದ. ಬಂದವನೇ ಸ್ನಾನ ಮಾಡಿ ಅವ್ವನ ಕೌದಿ ತಂದು ಹಿಂದಿನ ಸೀಟಿಗೆ ಹಾಸಿದ.

"ಎಲ್ಲಿಗೋ?" ಅಂದರು ಮೇಷ್ಟ್ರು.

"ದೊಡ್ಡವ್ವನ ಊರಿಗೆ. ಇನ್ನೆಲ್ಲಿಗೆ ಹೋಗಿರ್ತಾಳೆ? ದಾರೀಲಿ ಹತ್ತಿಸ್ಕತೀನಿ."

"ಸಿಗೋದಿಲ್ಲ ಕಣಪ್ಪ. ಅವಳು ದೂರ ಹೋದ್ಲು, ಬಹಳ ದೂರ."

"ದೂರಕ್ಕೇ ಅಲ್ವಾ ಮೇಷ್ಟ್ರೇ ಈ ಗಾಡಿ ತಗಂಡಿದ್ದು? ಕಮ್ಮಿ ಕುಡೀತದೆ!"

ಹೊರಟೇಬಿಟ್ಟ. ಬನ್ನೂರು ದಾಟಿದ, ಮಳವಳ್ಳಿ ದಾಟಿದ. ಎರಡೂ ಬದಿ ನೋಡುತ್ತಾ ಮೆಲ್ಲಗೆ ಓಡಿಸಿದ. ಮರದ ಕೆಳಗೆ ಒಬ್ಬಳು ಅಜ್ಜಿ ಕೂತಿದ್ದಳು, ನಿಲ್ಲಿಸಿದ. "ಸೊಂಟ ನೋವಾ ತಾಯಿ?" "ಹೂಂ ಕಣಪ್ಪ." "ಬಾ, ಕೂತ್ಕೊ." ಬಸ್ಸಿಗೆ ಕಾಯುತ್ತಾ ಇನ್ನೊಬ್ಬಳು. "ಸೊಂಟ ನೋವಾ ತಾಯಿ?" "ಸಾಯೋ ನೋವು ಕಣಪ್ಪ." "ಬಾ, ಕೂತ್ಕೊ." ಕೊಳ್ಳೇಗಾಲದಲ್ಲಿ ಮತ್ತೊಬ್ಬಳು. ಸೀಟು ಅಷ್ಟು ಮೆತ್ತಗಿತ್ತು. ಕೂತವರು ಕೂತಲ್ಲೇ ನಿದ್ದೆ ಹೋದರು, ಯಾರ ಊರು ಎಲ್ಲಿ ಹಿಂದೆ ಉಳಿಯಿತೋ ಯಾರಿಗೂ ತಿಳಿಯಲಿಲ್ಲ.

ದೊಡ್ಡವ್ವ ಜಗಲಿಯಲ್ಲಿ ಕೂತಿದ್ದಳು. ಸಾವಿನ ಸುದ್ದಿ ಬೆಳಿಗ್ಗೆಯೇ ಮುಟ್ಟಿತ್ತು. ಕಾರು ನಿಂತಿತು, ಚೆಲುವ ಇಳಿದು ಹಿಂದಿನ ಬಾಗಿಲು ತೆಗೆದ. ಒಳಗೆ ಮೂವರು ಮುದುಕಿಯರು ಕಣ್ಣು ಬಿಡುತ್ತಾ ಕೂತಿದ್ದರು.

"ಯಾರ್ಲಾ ಮಗ ಇವರೆಲ್ಲಾ?"

"ಸೊಂಟ ನೋವು ಅಂದೋರ್ನೆಲ್ಲಾ ತಂದಿವ್ನಿ ದೊಡ್ಡವ್ವ. ಅವ್ವ ಮೈಯ್ಯ ಊರಲ್ಲೇ ಬುಟ್ಟು ಬಂದವ್ಳಂತೆ, ಮೇಷ್ಟ್ರು ಹೇಳಿದ್ರು. ಮುಖ ನೋಡಿದ್ರೆ ನನಗೆ ಗುರ್ತು ಸಿಗ್ತಾ ಇಲ್ಲ. ನೀನು ಅಕ್ಕ ಅಲ್ವಾ, ನೀನೇ ಕೂಗಿ ನೋಡು. ಯಾರು ಓ ಅಂತಾರೋ ಅವಳೇ ಅವ್ವ."

ಬಯ್ಯಬೇಕಿತ್ತು ಆ ಮುದುಕಿ. ಬಯ್ಯಲಿಲ್ಲ. ಕಂಬ ಹಿಡಿದು ಎದ್ದು ನಿಂತಳು, ಜೋರಾಗಿ ಕೂಗಿದಳು.

"ದೇವೀರೀ!"

ಕಾರೊಳಗಿನ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ತಡೆಯಲಾಗಲಿಲ್ಲ. ಮೂವರೂ ಒಟ್ಟಿಗೆ "ಓ" ಅಂದರು.

ಅಕ್ಕ ಜಗಲಿಯಲ್ಲಿ ಕುಸಿದು ಅಳುತ್ತಿದ್ದಳು. ಚೆಲುವ ಮಾತ್ರ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತೇ ಇದ್ದ, ಮೂವರಲ್ಲಿ ಯಾರನ್ನು ಮೊದಲು ಇಳಿಸಿಕೊಳ್ಳಬೇಕೋ ತಿಳಿಯದೆ.