ದೀಪ ಆರಿದ ರೂಟರ್

ದೀಪ ಆರಿದರೆ ಜೀವ ಹೋಯಿತೆಂದೇ ಆ ಮನೆಯ ವಸ್ತುಗಳೆಲ್ಲ ನಂಬಿದ್ದವು. ಒಳಗಿನ ತಂತ್ರಾಂಶವಾದ ಫರ್ಮ್‌ವೇರಿನ ಅಪ್‌ಡೇಟ್ ಮುಗಿದದ್ದೇ ಮನೆಗೆಲ್ಲ ವೈಫೈ ಕೊಡುವ ರೂಟರಿನ ದೀಪಗಳು ಆರಿದವು.

“ಸತ್ತಿತು,” ಎಂದಿತು ಟಿವಿ. ಗೋಡೆಯ ಹಲ್ಲಿ ಲೊಚಗುಟ್ಟಿತು.

“ಅಪ್‌ಡೇಟ್ ಆರಿಸಿದ್ದು ದೀಪಗಳನ್ನಷ್ಟೇ. ನಾನು ಕೆಲಸ ಮಾಡುತ್ತಲೇ ಇದ್ದೇನೆ, ಟಿವಿಯವರೇ,” ಎಂದಿತು ರೂಟರ್.

“ಹಲ್ಲಿ ನುಡಿದ ಮೇಲೆ ಹೆಣಕ್ಕೇನು ಮಾತು? ಸುಮ್ಮನೆ ಮಲಗಪ್ಪ.”

ಮೇಜಿನ ಮೇಲಿದ್ದ ಹಳೆಯ ಫೋನ್, ಕಚೇರಿಗೆ ಹೋಗಿದ್ದ ಮನೆಯೊಡತಿ ವಾರಿಜಾಕ್ಷಿಗೆ ಶೋಕದಿಂದ ಸಂದೇಶ ಕಳಿಸಿತು: “ರೂಟರ್ ತೀರಿಕೊಂಡಿದೆ. ಗುಜರಿಗೆ ಹಾಕಿ.”

ಉತ್ತರ ಕೂಡಲೇ ಬಂತು: “ಅಯ್ಯೋ ಪಾಪ. ಸಂಜೆ ಬಂದು ಹಾಕುತ್ತೇನೆ.”

“ನೋಡಿದೆಯಾ, ಯಜಮಾನಿಯೂ ಒಪ್ಪಿದರು. ಇನ್ನಾದರೂ ಹಟ ಬಿಡು,” ಎಂದಿತು ಟಿವಿ.

ಆ ಫೋನಿನಲ್ಲಿ ಸಿಮ್ ಇರಲಿಲ್ಲ. ಎರಡು ಸಂದೇಶಗಳೂ ರೂಟರಿನ ಮೂಲಕವೇ ಹೋಗಿ ಬಂದಿದ್ದವು.